ಓಲ್ಗಾಗೆ ಕಟ್ಟಿಕೊಟ್ಟ ಬುತ್ತಿ

ಟ್ರ್ನಾವಾ
ನವೆಂಬರ್ 20, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬಲಗೈ ಮಣಿಕಟ್ಟಿನ ನೋವು ಇಳಿಯಿತೇ? ನಾನಿದ್ದಾಗ ನೀನು ಅದಕ್ಕೆ ಬಟ್ಟೆ ಸುತ್ತಿಕೊಂಡಿದ್ದೆ. ಕೇಳಿದರೆ "ಏನಿಲ್ಲ ಕಣೇ, ಬೆಚ್ಚಗಿರಲಿ ಅಂತ" ಎಂದೆ. ಬೆಚ್ಚಗಿರಲಿ ಅಂತ ಯಾರೂ ಒಂದೇ ಕೈಗೆ ಬಟ್ಟೆ ಸುತ್ತುವುದಿಲ್ಲ, ನನಗೂ ಅಷ್ಟು ಬುದ್ಧಿ ಇದೆ. ನೀನು ನೋಡಿಕೊಳ್ಳುವ ಅಜ್ಜಿ ಫ್ರಾವ್ ಹೆಡ್ವಿಗ್ ಅವರನ್ನು ಹಾಸಿಗೆಯಿಂದ ಒಬ್ಬಳೇ ಎತ್ತಬೇಡ, ಅವರ ಮಗ ಗೆರ್ಹಾರ್ಡ್ ಅವರನ್ನು ಕರೆ. ಅಷ್ಟೆತ್ತರದ ಗಂಡಸು ಬಾಗಿಲಲ್ಲಿ ನಿಂತು "ಸಹಾಯ ಬೇಕಾ ಓಲ್ಗಾ?" ಅಂತ ಕೇಳಿ, ನೀನು ಬಾಯಿ ತೆರೆಯುವ ಮೊದಲೇ ಮಾಯವಾಗುವುದನ್ನು ಕಣ್ಣಾರೆ ಕಂಡು ಬಂದಿದ್ದೇನೆ. ನಿನಗೆ ಕೇಳಲು ಸಂಕೋಚವಾದರೆ ನನ್ನ ಹೆಸರು ಹೇಳು, ಮಗಳು ಬಯ್ಯುತ್ತಾಳೆ ಅನ್ನು.

ನಾನು ಸುಖವಾಗಿ ತಲುಪಿದೆ. ವಿಯೆನ್ನಾದಲ್ಲಿ ರೈಲು ಬದಲಿಸುವಾಗ ಸ್ವಲ್ಪ ಓಡಬೇಕಾಯಿತು, ಅಷ್ಟೇ. ಬೆಳಿಗ್ಗೆ ಕಾಲೇಜಿನ ಪ್ರಯೋಗಾಲಯದಲ್ಲಿ ಗೆಳತಿ ರಾದ್ಕಾ ನನ್ನ ಜನ್ಮ ಜಾಲಾಡಿದಳು. "ಶನಿವಾರ ಭಾನುವಾರ ಎರಡು ದಿನ ಆಸ್ಟ್ರಿಯಾದಲ್ಲಿದ್ದೆ, ಕ್ರಿಸ್‌ಮಸ್ ಸಂತೆ ನೋಡ್ಲಿಲ್ಲ, ಬಿಸಿ ವೈನ್ ಕುಡೀಲಿಲ್ಲ, ಒಂದು ಫೋಟೊನೂ ಇಲ್ಲ. ಅಲ್ಲಿ ಮಾಡಿದ್ದಾದ್ರೂ ಏನೇ?" ಅಂದಳು. ಒಬ್ಬ ಅಜ್ಜಿಯ ತಲೆ ಬಾಚುತ್ತಿದ್ದೆ ಎಂದೆ. ತಮಾಷೆ ಅಂದುಕೊಂಡು ಬಿದ್ದು ಬಿದ್ದು ನಕ್ಕಳು. ನಾನೂ ಜೊತೆಗೆ ನಕ್ಕೆ. ಆಮೇಲೆ ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ ಅತ್ತೆ.

ಅಮ್ಮಾ, ನಾನು ನಿನ್ನ ಹತ್ತಿರ ಬಂದದ್ದು ಸುಮ್ಮನೆ ನೋಡಿಕೊಂಡು ಹೋಗಲಿಕ್ಕಲ್ಲ. ನಮ್ಮಜ್ಜಿ ಬಾಬ್ಕಾ ವಿಷಯ ಹೇಳಲಿಕ್ಕೆ ಬಂದೆ, ಹೇಳದೆ ವಾಪಸಾದೆ. ಬಾಬ್ಕಾ ಚೆನ್ನಾಗಿಲ್ಲ. ಮೈಯಲ್ಲಿ ಏನೂ ತೊಂದರೆ ಇಲ್ಲ, ಊಟ ಮಾಡುತ್ತಾಳೆ, ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ತಲೆಯಲ್ಲಿ ಒಂದೊಂದೇ ದೀಪ ಆರುತ್ತಿದೆ. ಇದನ್ನು ಫೋನಿನಲ್ಲಿ ಹೇಳೋಣವೆಂದರೆ ನೀನು "ಹೇಳು ಮಗಳೇ" ಅನ್ನುವಷ್ಟರಲ್ಲಿ ಹಿಂದಿನಿಂದ ಫ್ರಾವ್ ಹೆಡ್ವಿಗ್ ಕೂಗುತ್ತಾರೆ, ನೀನು ಇಟ್ಟುಬಿಡುತ್ತೀಯ. ನೀನು ಫೋನಿನಲ್ಲಿ ಇದ್ದಾಗಲೂ ಇಲ್ಲಿ ಬಾಬ್ಕಾ ನನ್ನ ಪಕ್ಕದಲ್ಲೇ ಕೂತು ಕಿವಿಗೊಟ್ಟಿರುತ್ತಾಳೆ. ಅದಕ್ಕೇ ಎದುರುಬದುರು ಕೂತು ಹೇಳಬೇಕು ಅಂತ ರೈಲು ಹತ್ತಿದ್ದೆ.

ಬಾಬ್ಕಾ ಕೊಟ್ಟ ಗಂಟನ್ನು ನೀನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದೆಯಲ್ಲ, ನಾನು ಅಲ್ಲೇ ಬಾಯಿ ಬಿಡಬೇಕಿತ್ತು. ಹಂದಿಕೊಬ್ಬು ಸವರಿ ಮೇಲೆ ಈರುಳ್ಳಿ ಹೆಚ್ಚಿಟ್ಟ ಎರಡು ತುಂಡು ರೊಟ್ಟಿ, ಒಂದು ಸೇಬು, ಪುಟ್ಟ ಮಗುವಿನ ಕೆಂಪು ಉಣ್ಣೆಯ ಕೈಗವಸು. ನೀನು ಎಷ್ಟು ನಕ್ಕೆ! ಕೈಗವಸನ್ನು ಎರಡು ಬೆರಳಿಗೆ ಸಿಕ್ಕಿಸಿಕೊಂಡು ಫ್ರಾವ್ ಹೆಡ್ವಿಗ್ ಅವರಿಗೂ ತೋರಿಸಿದೆ. "ನೋಡೇ ನಮ್ಮಮ್ಮನ ಕುಚೋದ್ಯ! ಐವತ್ತು ದಾಟಿದ ಮಗಳಿಗೆ ಶಾಲೆಗೆ ಬುತ್ತಿ ಕಟ್ಟಿದಾಳೆ" ಅಂದೆ. ಈರುಳ್ಳಿ ಬಾಡಿ ವಾಸನೆ ಬಂದಿದ್ದರೂ ಆ ರೊಟ್ಟಿಯನ್ನು ನಿಂತಲ್ಲೇ ತಿಂದೆ. ನಿನ್ನ ಕಣ್ಣಲ್ಲಿ ನೀರು ಬಂದಿತ್ತು, ಈರುಳ್ಳಿಗೆ ಅಂತ ನೀನೇ ಹೇಳಿದೆ.

ಅದು ಕುಚೋದ್ಯ ಅಲ್ಲ ಅಮ್ಮಾ. ಬಾಬ್ಕಾ ನಿಜವಾಗಿಯೂ ನಿನಗೆ ಶಾಲೆಗೆ ಬುತ್ತಿ ಕಟ್ಟಿದ್ದಳು. "ಮರೆತು ಹೋಗಿದಾಳೆ ಹುಡುಗಿ, ಗಂಟೆ ಹೊಡೆಯೋದ್ರೊಳಗೆ ಕೊಟ್ಟು ಬಾ" ಅಂತ ನನ್ನ ಕೈಗೆ ತುರುಕಿದಳು. ನಾನು ಯಾರು, ಯಾಕೆ ಆ ಮನೆಯಲ್ಲಿದ್ದೇನೆ ಅನ್ನುವುದು ಆಗ ಅವಳಿಗೆ ಸ್ಪಷ್ಟವಿರಲಿಲ್ಲ. ಬೀದಿಯ ಯಾವುದೋ ಒಳ್ಳೆ ಹುಡುಗಿ ಅಂದುಕೊಂಡಿದ್ದಳು. ಹೋಗುವಾಗ ನನಗೂ ಒಂದು ಸೇಬು ಕೊಟ್ಟಳು.

ಆಮೇಲೆ ಫ್ರಾವ್ ಹೆಡ್ವಿಗ್ ನನ್ನನ್ನು ನೋಡಿ "ಟ್ರೂಡೀ!" ಅಂತ ಕೈ ಚಾಚಿದರು. ನಾನು ಟ್ರೂಡಿ ಅಲ್ಲ ಅಂತ ಶಾಲೆಯಲ್ಲಿ ಕಲಿತ ಜರ್ಮನ್‌ನಲ್ಲಿ ಹೇಳಲು ಹೊರಟೆ. ನೀನು ಹಿಂದಿನಿಂದ ನನ್ನ ಸ್ವೆಟರ್ ಎಳೆದೆ. "ಎದುರಾಡ್ಬೇಡ. ಟ್ರೂಡಿ ಅವರ ತಂಗಿ, ಸತ್ತು ಎಷ್ಟೋ ವರ್ಷ ಆಯ್ತು. ಇಲ್ಲ ಅಂದೆ ಅಂದ್ರೆ ಇವತ್ತೇ ಸತ್ತಳು ಅನ್ನೋ ಹಾಗೆ ಅಳ್ತಾರೆ. ಹೂಂ ಅನ್ನು, ಅಷ್ಟೇ" ಎಂದೆ. ನಾನು ಹೂಂ ಎಂದೆ. ಸಂಜೆವರೆಗೆ ಟ್ರೂಡಿಯಾಗಿದ್ದೆ. ತಲೆ ಬಾಚಿದೆ, ಯಾವುದೋ ಕಾಲದ ಏಪ್ರಿಕಾಟ್ ತೋಟದ ಕಥೆಗೆ ತಲೆಯಾಡಿಸಿದೆ, ಅಪ್ಪನಿಗೆ ಹೇಳಬೇಡ ಅಂದಾಗ ಆಣೆ ಇಟ್ಟೆ. ನೀನು ಬಾಗಿಲಿಗೆ ಒರಗಿ ನಿಂತು ಹೆಮ್ಮೆಯಿಂದ ನೋಡುತ್ತಿದ್ದೆ. ನನಗೆ ಒಳಗೇ ಕುದಿಯುತ್ತಿತ್ತು. ಮನೆಯಲ್ಲಿ ಬಾಬ್ಕಾ ನನ್ನನ್ನು ಓಲ್ಗಾ ಅಂದಾಗಲೆಲ್ಲ ನಾನು "ಓಲ್ಗಾ ಅಲ್ಲ, ನಾನು ಬ್ರೋನ್ಯಾ, ಓಲ್ಗಾ ಆಸ್ಟ್ರಿಯಾದಲ್ಲಿದಾಳೆ!" ಅಂತ ಕಿರುಚುತ್ತೇನೆ. ಅವಳು ಹೆದರಿ ಕೈ ಮುದುರಿಕೊಳ್ಳುತ್ತಾಳೆ. ಪರರ ಮನೆಯ ಅಜ್ಜಿಯ ಹತ್ತಿರ ತೋರಿದ ತಾಳ್ಮೆ ನಮ್ಮಜ್ಜಿಯ ಹತ್ತಿರ ಯಾಕಿಲ್ಲ ಅಂತ ನನ್ನ ಮೇಲೇ ಸಿಟ್ಟು, ಅದನ್ನೆಲ್ಲ ಕಲಿಸಿಕೊಡಲು ಮನೆಯಲ್ಲಿಲ್ಲದ ನಿನ್ನ ಮೇಲೂ ಸಿಟ್ಟು.

ಭಾನುವಾರ ನಿನ್ನ ಎರಡು ಗಂಟೆ ಬಿಡುವಿಗಾಗಿ ಬೆಳಗಿನಿಂದ ಕಾದಿದ್ದೆ. ಏನು ಹೇಳಬೇಕು, ಯಾವುದು ಮೊದಲು, ಎಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ನದಿ ಕಡೆಗೆ ನಡೆದು ಹೋಗಿ ಬೆಂಚಿನ ಮೇಲೆ ಕೂತೆವು. "ಹೇಳು, ಏನ್ ಸಮಾಚಾರ?" ಎಂದು ನೀನು ಕೇಳಿದೆ. ನಾನು ಉಸಿರೆಳೆದುಕೊಂಡು ತಿರುಗುವಷ್ಟರಲ್ಲಿ ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತಾ, ಚರ್ಚಿನಿಂದ ಬರುವವರೆಲ್ಲ ನೋಡುವ ಹಾಗೆ. ಹೆಗಲು ಜೋಮು ಹಿಡಿಯಿತು, ಅಲ್ಲಾಡಲಿಲ್ಲ. ನಿನ್ನೊಡನೆ ಎರಡೆರಡು ವಾರದ ಸರದಿಯಲ್ಲಿ ದುಡಿಯುತ್ತಿದ್ದ ಯಾರ್ಮಿಲಾ ಕಾಲು ಮುರಿದುಕೊಂಡ ಮೇಲೆ ಅವಳ ಪಾಲಿನ ಎರಡು ವಾರ, ನಿನ್ನ ಪಾಲಿನ ಎರಡು ವಾರ, ಎಲ್ಲ ನಿನ್ನ ತಲೆಗೇ ಬಿದ್ದಿದೆ. ಬೇಸಿಗೆ ಮುಗಿದಾಗ ಹೋದವಳು ಒಮ್ಮೆಯೂ ಮನೆ ಕಂಡಿಲ್ಲ. ನಿನ್ನನ್ನು ಎಬ್ಬಿಸಿ ಇನ್ನೊಬ್ಬ ಮುದುಕಿಯ ಭಾರ ಹೇಗೆ ಹೊರಿಸಲಿ ಅನ್ನಿಸಿತು. ನೀನು ಎದ್ದಾಗ ಬಿಡುವು ಮುಗಿದಿತ್ತು, ಇಬ್ಬರೂ ಓಡಿದೆವು.

ಹೊರಡುವ ಮೊದಲು ಗೆರ್ಹಾರ್ಡ್ ಕಾಫಿ ಮೇಜಿನ ಹತ್ತಿರ ನಿಂತು, ಕ್ರಿಸ್‌ಮಸ್‌ಗೂ ಇಲ್ಲೇ ಉಳಿಯಲು ಆಗುತ್ತದೆಯೇ, ತಾಯಿಗೆ ನೀವಿಲ್ಲದೆ ಆಗುವುದಿಲ್ಲ ಎಂದರು. ನೀನು ಅವರಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ ನಮ್ಮ ಭಾಷೆಯಲ್ಲಿ ಕೇಳಿದೆ, "ಅಮ್ಮ ಹೇಗೋ ಸುಧಾರಿಸ್ಕೋತಾಳೆ ಅಲ್ವಾ? ಫೋನಲ್ಲಿ ಗಟ್ಟಿಯಾಗೇ ಮಾತಾಡ್ತಾಳೆ." ಫ್ರಾವ್ ಹೆಡ್ವಿಗ್ ನಿನ್ನ ಏಪ್ರನ್ ಅಂಚು ಹಿಡಿದುಕೊಂಡಿದ್ದರು. ನಾನು "ಹೂಂ, ಚೆನ್ನಾಗಿದಾಳೆ" ಎಂದುಬಿಟ್ಟೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ದೇವರೇ ಬಲ್ಲ. ರೈಲಿನಲ್ಲಿ ಗಡಿ ದಾಟುವವರೆಗೂ ನನ್ನನ್ನು ನಾನೇ ಬಯ್ದುಕೊಂಡೆ.

ಫೋನಲ್ಲಿ ಬಾಬ್ಕಾ ಏನು ಮಾತಾಡುತ್ತಾಳೆ, ಸ್ವಲ್ಪ ನೆನಪು ಮಾಡಿಕೋ ಅಮ್ಮಾ. "ಅಲ್ಲಿ ಚಳೀನಾ? ಹೊಟ್ಟೆ ತುಂಬ ತಿಂತೀಯಾ? ನಮ್ಮ ಚಿಂತೆ ಮಾಡ್ಬೇಡ, ನಾವು ಚೆನ್ನಾಗಿದೀವಿ." ನಾನು ಹುಟ್ಟಿದಾಗಿನಿಂದ ಅವಳು ಫೋನಲ್ಲಿ ಹೇಳಿದ್ದು ಇಷ್ಟೇ. ಅದು ಅವಳ ನಾಲಿಗೆಗೆ ಬಾಯಿಪಾಠ. ಊರವರ ಅಜ್ಜಿಯಂದಿರ ಮಾತಲ್ಲಿ ಒಂದು ಎಳೆ ತಪ್ಪಿದರೂ ಗುರುತಿಸುವವಳು ನೀನು, ಸ್ವಂತ ಅಮ್ಮನ ಮಾತು ಮಾಮೂಲಿನಂತೆ ಇದೆ ಅಂತ ನೆಮ್ಮದಿಯಾಗಿದ್ದೀಯ. ಮುಂದಿನ ಸಲ ಬೇರೆ ಏನಾದರೂ ಕೇಳಿ ನೋಡು. ಬೆಳಿಗ್ಗೆ ಏನು ತಿಂದೆ ಅಂತ ಕೇಳು.

ಹೋದ ವಾರ ಬಾಬ್ಕಾ ಮನೆಯೊಳಗಿನ ಚಪ್ಪಲಿಯಲ್ಲೇ, ಕೋಟು ಇಲ್ಲದೆ, ಪ್ರಾಥಮಿಕ ಶಾಲೆಯ ಗೇಟಿನ ಹತ್ತಿರ ಹೋಗಿ ನಿಂತಿದ್ದಳು. ಗಂಟೆ ಹೊಡೆದು ಮಕ್ಕಳೆಲ್ಲ ಹೊರಗೆ ಬಂದರೂ ಅಲ್ಲಾಡಲಿಲ್ಲವಂತೆ. ಶಾಲೆಯ ಜವಾನ ಕೇಳಿದರೆ "ನಮ್ಮ ಓಲ್ಗಾ ಯಾವಾಗ್ಲೂ ಕೊನೇಲಿ ಬರೋದು, ಶೂ ಲೇಸು ಕಟ್ಟೋಕೆ ಬರಲ್ಲ" ಅಂದಳಂತೆ. ಅವನು ಪಾಪ ತನ್ನ ಕೋಟು ಹೊದಿಸಿ ಕರೆದುಕೊಂಡು ಬಂದ. ಪಕ್ಕದ ಮನೆ ಕ್ವೇತಾ ಚಿಕ್ಕಮ್ಮ ನಾನು ತರಗತಿಗೆ ಹೋದಾಗ ಬಂದು ಕೂರುತ್ತಾರೆ, ಈ ಶನಿವಾರ ಭಾನುವಾರವೂ ಅವರೇ ಇದ್ದರು; ಬಾಬ್ಕಾ ಒಲೆ ಹಚ್ಚದಿರಲಿ ಅಂತ ಗ್ಯಾಸಿನ ಕೀಲಿ ಅವರ ಜೇಬಿನಲ್ಲೇ ಇದೆ. ಬಾಬ್ಕಾಗೆ ನೆಟ್ಟಗೆ ನೆನಪಿರುವ ಗಳಿಗೆಗಳೂ ಇವೆ. ಆಗ ನನ್ನ ಕೈ ಹಿಡಿದು "ಓಲ್ಗಾಗೆ ಹೇಳ್ಬೇಡ, ಕೆಲಸ ಬಿಟ್ಟು ಓಡಿ ಬರ್ತಾಳೆ" ಅನ್ನುತ್ತಾಳೆ. ಆ ಗಳಿಗೆಗಳಲ್ಲೇ ನನಗೆ ಹೆಚ್ಚು ಸಂಕಟ. ಹೇಳಿಬಿಟ್ಟಿದ್ದೇನೆ, ಅವಳು ಬೈದರೆ ಬೈಯಲಿ.

ಬಾ ಅಂತ ಬರೆಯಲು ಹೆದರಿಕೆ, ಬರಬೇಡ ಅಂತ ಬರೆಯಲು ಕೈ ಬರುವುದಿಲ್ಲ. ನೀನೇ ಯೋಚಿಸು. ಚಹಾ ಕುಡಿ, ಬಿಸಿ ಇರುವಾಗಲೇ ಕುಡಿ. ಕೈಗೆ ಮುಲಾಮು ಹಚ್ಚಿಕೋ. ಫ್ರಾವ್ ಹೆಡ್ವಿಗ್ ಅವರಿಗೆ ಟ್ರೂಡಿ ಕೇಳಿದಳು ಅಂತ ಹೇಳು. ಕ್ವೇತಾ ಚಿಕ್ಕಮ್ಮ ನೆನಪು ಹೇಳಿದ್ದಾರೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಸಿಡುಕಿ ಆದರೂ ನಿನ್ನವಳೇ,
ಬ್ರೋನ್ಯಾ

ತಾ.ಕ.: ಪತ್ರ ಮಡಚಿಟ್ಟು ಹಾಲು ತರಲು ಹೋಗಿದ್ದೆ. ವಾಪಸು ಬಂದಾಗ ಬಾಬ್ಕಾ ಬಾಗಿಲಲ್ಲೇ ನಿಂತಿದ್ದಳು. "ಬಂದ್ಯಾ ಓಲ್ಗಾ? ಕೈ ನೋಡು ಹೇಗೆ ಮರಗಟ್ಟಿದೆ" ಅಂದಳು. ನೀನು ಹೇಳಿಕೊಟ್ಟಂತೆ ಎದುರಾಡಲಿಲ್ಲ. "ಹೂಂ ಅಮ್ಮಾ, ಬಂದೆ" ಎಂದೆ. ನನ್ನ ಎರಡೂ ಕೈ ತನ್ನ ಕೈಯೊಳಗೆ ಹಿಡಿದು ಬಾಯಿಂದ ಬಿಸಿಯುಸಿರು ಊದಿದಳು. ಆಮೇಲೆ ಊಟ ಕೇಳಿ ಉಂಡಳು. ತಿಂಗಳುಗಳಿಂದ ನಿನ್ನ ದಾರಿ ನೋಡುತ್ತಾ ಕಿಟಕಿಯ ಹತ್ತಿರ ಕೂರುತ್ತಿದ್ದವಳು ಈಗ ಅತ್ತ ತಿರುಗಿಯೂ ನೋಡುತ್ತಿಲ್ಲ. ಅವಳ ಓಲ್ಗಾ ಮನೆಗೆ ಬಂದಾಯಿತು, ಇನ್ನು ಕಾಯುವುದು ಯಾರಿಗೆ? ಅಮ್ಮಾ, ಗುರುವಾರ ಬೆಳಿಗ್ಗೆ ಕೆಲಸದವರನ್ನು ಆಸ್ಟ್ರಿಯಾಗೆ ಕರೆದೊಯ್ಯುವ ವ್ಯಾನಿನ ಪಾಲ್ಯೊ ಈ ಪತ್ರ ಕೊಡುತ್ತಾನೆ, ಸಂಜೆ ವಾಪಸು ಬರುವಾಗ ನಿಮ್ಮ ಗೇಟಿನ ಹತ್ತಿರ ನಿಲ್ಲಿಸಲು ಹೇಳಿದ್ದೇನೆ. ಗೆರ್ಹಾರ್ಡ್ ಅವರಮ್ಮನನ್ನು ಕೆಲವು ದಿನ ಗೆರ್ಹಾರ್ಡ್ ನೋಡಿಕೊಳ್ಳಲಿ. ನೀನು ಹತ್ತಿ ಬಾ. ನಿನ್ನ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡು ಅವಳು ಎಷ್ಟು ಸುಖವಾಗಿದ್ದಾಳೆಂದರೆ, ಇನ್ನೂ ತಡವಾದರೆ ಎದ್ದು ನಿನಗೆ ಜಾಗ ಬಿಟ್ಟುಕೊಡಲು ನನ್ನಿಂದ ಆಗುವುದಿಲ್ಲ.