ಮೂರನೇ ಮಹಡಿಯ ನೀರು

ಕ್ರಿ.ಶ. ೨೨೧೭, ಹದಿಮೂರನೇ ತಿಂಗಳ ನಲವತ್ತನೇ ದಿನ

ಪುಟ್ಟಸಿದ್ದಮ್ಮ ಅವ್ವನಿಗೆ,

ನನ್ನ ಕೆಲವು ಮಾತು ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಬಹುದು, ಸಿಟ್ಟಾಗಬೇಡ. ನಿಮ್ಮ ಕಾಲದ ಹನ್ನೆರಡು ತಿಂಗಳು ನಮಗೆ ಸಾಲಲಿಲ್ಲ, ಇನ್ನೊಂದು ಸೇರಿಸಿಕೊಂಡೆವು. ನಾನು ಹೊನ್ನಾಜಿ, ಇಲ್ಲಿ ತಲೆಮೋಡ ಕಾಯುವವಳು.

ತಲೆಮೋಡ ಅಂದರೆ ಪ್ರತಿ ಸೂರಿನ ಕೆಳಗೆ ಹರಡಿಕೊಂಡಿರುವ ನೀರು. ನಿಮ್ಮ ಗಾರ್ಮೆಂಟ್ಸ್ ಕಾರ್ಖಾನೆಯ ಮೇಲ್ಚಾವಣಿಯಲ್ಲಿ ಪೈಪುಗಳಿವೆಯಲ್ಲ, ತುದಿಗೆ ಕೆಂಪು ದ್ರವದ ಪುಟ್ಟ ಗಾಜು, ಬೆಂಕಿಯ ಬಿಸಿಗೆ ಒಡೆದು ತಾನಾಗಿ ನೀರು ಸುರಿಸುವಂಥದ್ದು. ಅದರ ಮರಿಮಗಳು ಇದು. ಪೈಪಿಲ್ಲ, ಮಂಜಿನಂತೆ ತೇಲುತ್ತದೆ. ಕಿಡಿ ಹಾರಿದರೆ ಅಷ್ಟಗಲ ಮಾತ್ರ ಇಳಿದು, ಆರಿಸಿ, ಮತ್ತೆ ಮೇಲೇರುತ್ತದೆ. ಹೊಲಿಯುವವರು ಅದರ ತಂಪಿನಲ್ಲಿ ಹಾಡಿಕೊಂಡು ಹೊಲಿಯುತ್ತಾರೆ, ಉಂಡ ಮೇಲೆ ಅಲ್ಲೇ ಒರಗಿ ನಿದ್ದೆ ಹೋಗುತ್ತಾರೆ. ಕೂಸು ಕೈ ಚಾಚಿದರೆ ಒಂದು ಹನಿ ಬಂದು ಬೆರಳ ಮೇಲೆ ಕೂರುತ್ತದೆ. ಯಾವ ಕೇರಿಯ ಕೂಸು ಎಂದು ಕೇಳುವುದಿಲ್ಲ. ಅದಕ್ಕೆ ಬೀಗ ಹಾಕುವುದನ್ನು ನಾವು ಕೊಲೆ ಅನ್ನುತ್ತೇವೆ. ನಿಮ್ಮಲ್ಲಿ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ.

ನಡೆದದ್ದನ್ನು ನಿನ್ನ ಹೊಲಿಗೆ ಲೈನಿನವರು ಬರೆದಿಟ್ಟಿದ್ದಾರೆ. ಇಸ್ತ್ರಿಯ ಹಬೆಗೆ ಒಂದು ಗಾಜು ಒಡೆದು ಅಂಗಿಗಳು ತೊಯ್ದವು. ಮೂರನೇ ಮಹಡಿಯ ನೀರು ನಿಲ್ಲಿಸು, ಬಟ್ಟೆ ನೆಂದರೆ ಆರ್ಡರ್ ಹೋಗುತ್ತದೆ ಅಂದ ಮ್ಯಾನೇಜರು. ನೀನು ಕೇಳಿದೆ: “ನಾವು ಬೆಂದ್ರೆ ಏನ್ ಹೋಯ್ತದೆ ಸಾರ್?” ಇಡೀ ಲೈನು ನಕ್ಕಿತು, ಅವನೂ ನಕ್ಕ. ನಗು ಮುಗಿದ ಮೇಲೆ ಮೆಟ್ಟಿಲ ಬಳಿಯ ವಾಲ್ವನ್ನು ಮುಚ್ಚಿದವಳು ನೀನೇ. ಊರ ಕೆರೆ ಮುಟ್ಟಗೊಡದವರ ಎದುರು ನಿಂತ ಅಜ್ಜನ ಮೊಮ್ಮಗಳು ನೀನು; ನಿನ್ನ ನೆತ್ತಿಯ ಮೇಲಿನ ನೀರನ್ನು ನಿನ್ನ ಕೈಯಿಂದಲೇ ನಿಲ್ಲಿಸಿದರು. ಅವರ ಗೋದಾಮಿನ ನೀರನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಈ ಕಾಗದ ನಿನಗೆ ಸಿಗುವ ಹೊತ್ತಿಗೆ, ನಿಮ್ಮ ಮಹಡಿಗೆ ಬೆಂಕಿ ಬೀಳಲು ಇನ್ನೂ ಮೂರು ದಿನವಿರುತ್ತದೆ. ನಾಳೆ ಮಿಷನ್ನುಗಳು ಶುರುವಾಗುವ ಮುಂಚೆ ವಾಲ್ವಿನ ಚಕ್ರವನ್ನು ಎಡಕ್ಕೆ ತಿರುಗಿಸು, ಅದು ತಾನಾಗಿ ನಿಲ್ಲುವತನಕ. ಯಾರ ಅಪ್ಪಣೆಯನ್ನೂ ಕೇಳಬೇಡ. ಮುಚ್ಚಲು ಬಂದರೆ ಲೈನಿನವರೆಲ್ಲ ಅದರ ಮುಂದೆ ಕೂತುಬಿಡಿ. ಆರ್ಡರ್ ಹೋದರೆ ಹೋಗಲಿ.

ಕೊನೆಗೆ ಒಂದು ಮಾತು. ನಮ್ಮಲ್ಲಿ ಪ್ರತಿ ತಲೆಮೋಡಕ್ಕೂ ಬೆಂಕಿಯಲ್ಲಿ ಹೋದವರೊಬ್ಬರ ಹೆಸರಿಡುತ್ತಾರೆ. ನಾನು ಕಾಯುವುದಕ್ಕೆ ಇಟ್ಟಿರುವುದು ನಿನ್ನ ಹೆಸರು. ಚೆಂದದ ಹೆಸರು, ಅವ್ವ, ಆದರೆ ನಮಗೆ ಬೇಡ. ಹೆಸರಿಲ್ಲದ ನೀರಿನಡಿ ನಾವು ಹೇಗೋ ಬದುಕುತ್ತೇವೆ. ಅದನ್ನು ನೀನೇ ಇಟ್ಟುಕೋ, ಪಕ್ಕದ ಮನೆಯವರು ಕೂಗಿದಾಗ ಓಗೊಡಲು.