ಆರೋಗ್ಯವಂತರ ಪಟ್ಟಿ

ಮಾರ್ಚ್ ೧೨

ಪ್ರೀತಿಯ ತಂಗಿಗೆ,

ನಾನು ಕ್ಷೇಮ ಎಂದು ಬರೆದರೆ ಸುಳ್ಳಾದೀತು. ನಿನ್ನ ಎರಡು ಕಾಗದಕ್ಕೂ ಉತ್ತರ ಕೊಡದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಬರೆಯಲು ಕೈ ಬರಲಿಲ್ಲ.

ನಿಮ್ಮ ಬೀದಿಯಲ್ಲಿ ಫಿಟ್ಸ್ ಬಂದು ಬಿದ್ದ ಹನ್ನೊಂದು ಮಕ್ಕಳ ಬೆನ್ನುಹುರಿಯ ನೀರು ನಮ್ಮ ಲ್ಯಾಬಿಗೇ ಬಂದಿತ್ತು. ಅಂಟಿನ ಕಾರ್ಖಾನೆಯ ದ್ರಾವಕ ಬೋರ್‌ವೆಲ್ಲಿಗಿಳಿದು ಅವರ ನರ ತಿನ್ನುತ್ತಿದೆಯೇ ಎಂದು ನೋಡಬೇಕಿತ್ತು. ಒಂದೊಂದು ಶೀಶೆಯಲ್ಲಿ ಅರ್ಧ ಚಮಚೆಯೂ ಇಲ್ಲ. ಆ ನಾಲ್ಕು ಹನಿಗಾಗಿ ಮಗುವನ್ನು ಬಿಲ್ಲಿನಂತೆ ಬಗ್ಗಿಸಿ ಹಿಡಿದಿರುತ್ತಾರೆ. ಚೆಲ್ಲದಂತೆ ಉಸಿರು ಬಿಗಿಹಿಡಿದು ಅಳೆದೆ. ವಿಷವಿತ್ತು. ಎಲ್ಲರಲ್ಲೂ.

ಇದ್ದರೆ ಸಾಲದಂತೆ! ಆರೋಗ್ಯವಂತ ಮಕ್ಕಳಿಗಿಂತ ಹೆಚ್ಚಿದೆಯೆಂದು ತೋರಿಸಬೇಕಂತೆ. ಚೆನ್ನಾಗಿರುವ ಮಗುವಿನ ಬೆನ್ನಿಗೆ ಯಾರು ಸೂಜಿ ಚುಚ್ಚುತ್ತಾರೆ? ಹಿಂದೆ ಜ್ವರಕ್ಕೆಂದು ನೀರು ತೆಗೆಸಿ, 'ಸೋಂಕಿಲ್ಲ' ಎಂದು ಮನೆಗೆ ಕಳಿಸಿದ ಮಕ್ಕಳ ಉಳಿಕೆ ಫ್ರೀಜರಿನಲ್ಲಿರುತ್ತದೆ. ಶೀಶೆಯ ಮೇಲೆ ಬರೀ ನಂಬರು. ಹತ್ತನ್ನು ನಾನೇ ಆರಿಸಿದೆ. 'ಆರೋಗ್ಯವಂತರು' ಎಂದು ನಾನೇ ಬರೆದೆ. ಅಳೆದರೆ ಅವರಲ್ಲೂ ಅಷ್ಟೇ ವಿಷ. ಎರಡೂ ಸಮ, ಆದ್ದರಿಂದ ಕಾರ್ಖಾನೆಯದೇನೂ ತಪ್ಪಿಲ್ಲ ಎಂದು ವರದಿ ಹೋಯಿತು.

ಮನಸ್ಸು ತಡೆಯದೆ ಆಸ್ಪತ್ರೆಯ ರಿಜಿಸ್ಟರ್ ತೆಗೆಸಿ ನೋಡಿದೆ. ಹತ್ತೂ ಮಕ್ಕಳು ನಿಮ್ಮ ಬೀದಿಯವರೇ. ವಿಷವನ್ನು ವಿಷದ ಎದುರಿಗಿಟ್ಟೇ ತೂಗಿದ್ದೆ ಕಣೇ.

ಓಡಿಹೋಗಿ ನಮ್ಮ ದೊಡ್ಡ ಡಾಕ್ಟರಿಗೆ ಹೇಳಿದೆ.

"ಸಹಿ ಆಗಿಹೋಯ್ತಲ್ಲಮ್ಮಾ. ಆರಿಸಿದ್ದು ನೀನೇ ತಾನೆ?"

"ಹೌದು ಸಾರ್, ತಪ್ಪು ನಂದೇ. ಹಾಗಂತಲೇ ಬರೀರಿ."

"ಬರೆದ್ರೆ ಲ್ಯಾಬಿನ ಮರ್ಯಾದೆ ಏನಾಗ್ಬೇಕು?"

ಮರ್ಯಾದೆಯಂತೆ, ಮರ್ಯಾದೆ! ಬೆಂಕಿ ಬಿತ್ತು ಇವರ ಮರ್ಯಾದೆಗೆ.

ರಿಜಿಸ್ಟರಿನ ನಕಲು ಈ ಕಾಗದದ ಜೊತೆಗಿದೆ. ಹೆದರಿ ಬಚ್ಚಿಡಬೇಡ. ಬೀದಿಯ ತಾಯಂದಿರನ್ನೆಲ್ಲ ಕೂಡಿಸಿ ಗಟ್ಟಿಯಾಗಿ ಓದು. ತಪ್ಪು ಮಾಡಿದವಳು ನನ್ನ ಅಕ್ಕ ಎಂದೂ ಹೇಳು. ಕೆಲಸ ಹೋದರೆ ಹೋಗಲಿ. ಆ ಬೋರ್‌ವೆಲ್ಲಿನ ನೀರು ಮಾತ್ರ ಇವತ್ತಿನಿಂದ ಯಾರೂ ಮುಟ್ಟಕೂಡದು.

ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ. ಪುಟ್ಟಿಗೆ ದೊಡ್ಡಮ್ಮನ ಮುತ್ತು.

ನಿನ್ನ
ಅಕ್ಕ

ಮೇಲೆ ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು: ಪಟ್ಟಿಯಲ್ಲಿ ಏಳನೆಯವಳು ನಮ್ಮ ಪುಟ್ಟಿ. ಹೋದ ವರ್ಷದ ಜ್ವರದಲ್ಲಿ ತೆಗೆದ ನೀರು. ಹತ್ತರಲ್ಲಿ ಅವಳದೇ ಹೆಚ್ಚು. 'ಪೆನ್ಸಿಲ್ ಹಿಡಿಯೋಕೂ ಸೋಮಾರಿ, ಕೈಮೇಲೆ ಎರಡು ಬಿಟ್ಟೆ' ಎಂದು ಬರೆದಿದ್ದೆಯಲ್ಲ. ಅದು ಸೋಮಾರಿತನ ಅಲ್ಲ ಕಣೇ. ಆ ಕೈಗೆ ಹೊಡೆಯಬೇಡ.