ಚಿತ್ರದಡಿಯ ಹೆಸರು

ಆಮ್‌ಸ್ಟರ್‌ಡ್ಯಾಮ್, ಮಂಗಳವಾರ

ಮಾನ್ಯ ನಿರ್ದೇಶಕರೇ,

೧೮೮೩ರಲ್ಲಿ ಇಲ್ಲಿ ನಡೆದ ವಿಶ್ವ ಪ್ರದರ್ಶನದ ನೂರನೆಯ ವರ್ಷದ ನೆನಪಿಗೆ ನಿಮ್ಮ ವಸ್ತುಸಂಗ್ರಹಾಲಯ ನಡೆಸುವ ಸಮಾರಂಭಕ್ಕೆ ನನ್ನನ್ನು ಕರೆದಿದ್ದೀರಿ. ಸುರಿನಾಮಿನ ಹಳೆಯ ಉಡುಪು ತೊಟ್ಟು ಮುತ್ತಜ್ಜಿಯ ಚಿತ್ರದ ಪಕ್ಕದಲ್ಲಿ ನಿಲ್ಲಬೇಕೆಂದೂ ಕೇಳಿದ್ದೀರಿ. ನಿಲ್ಲುವುದಿಲ್ಲ. ಅಂದು ನನಗೆ ಟ್ರಾಮ್ ಓಡಿಸುವ ಪಾಳಿಯಿದೆ. ಮುಗಿಸಿಕೊಂಡು ಸಮವಸ್ತ್ರದಲ್ಲೇ ಬರುತ್ತೇನೆ.

ಆ ಚಿತ್ರದ ಕೆಳಗೆ 'ಸುರಿನಾಮಿನ ಹೆಂಗಸು, ಸಂಖ್ಯೆ ೧೪' ಎಂದಿದೆ. ಅವಳ ಹೆಸರು ಫ್ರಾನ್ಸಿನಾ ಬ್ಲೈಡ್. ಆಗ ಡಚ್ಚರ ಆಳ್ವಿಕೆಯಲ್ಲಿದ್ದ ಸುರಿನಾಮಿನ ಪಾರಾಮಾರಿಬೊ ಊರಿನಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದಳು. ಹಾಲೆಂಡ್ ನೋಡಿ ಬರಬಹುದೆಂದು ಹೇಳಿ ಹಡಗು ಹತ್ತಿಸಿದರು. ಬಂದಿಳಿದ ಮೇಲೆ ಡೇರೆಯೊಳಗೆ ಕೂರಿಸಿ, ಟಿಕೆಟ್ಟಿಟ್ಟು ಅವಳನ್ನೇ ಜನರಿಗೆ ತೋರಿಸಿದರು. ಒಬ್ಬ ಶ್ರೀಮಂತ ಹೆಂಗಸು, ಬಣ್ಣ ಹೋಗುತ್ತದೆಯೇ ಎಂದು ಅವಳ ತೋಳನ್ನು ಉಜ್ಜಿ ನೋಡಿದಳಂತೆ.

ಫ್ರಾನ್ಸಿನಾ ಡಚ್ ಭಾಷೆಯಲ್ಲೇ ಹೇಳಿದಳು: "ನನ್ ಬಣ್ಣ ಹೋಗಲ್ಲ ಕಣ್ರಮ್ಮಾ. ನಿಮ್ ಕೈಗವಸೇ ಕೊಳೆಯಾಗಿದೆ. ಬಿಚ್ಚಿಕೊಡಿ, ಒಗೆದುಕೊಡ್ತೀನಿ."

ಡೇರೆಯಲ್ಲಿದ್ದ ನಮ್ಮವರೆಲ್ಲ ಗೊಳ್ಳೆಂದು ನಕ್ಕರಂತೆ. ಇದನ್ನು ನನ್ನ ಅಮ್ಮ ಚಿಕ್ಕವರಿದ್ದಾಗ ಅವಳ ಬಾಯಿಂದಲೇ ಕೇಳಿದ್ದಾರೆ.

ಆದ್ದರಿಂದ ಆ ಸಂಖ್ಯೆ ತೆಗೆದು ಅವಳ ಹೆಸರು ಹಾಕಿ, ಕಸುಬನ್ನೂ ಬರೆಯಿರಿ. ಬರೆಯದಿದ್ದರೆ, ಚಿತ್ರಕ್ಕೆ ನಮ್ಮ ಕುಟುಂಬದ ಒಪ್ಪಿಗೆಯಿದೆ ಎಂದು ಎಲ್ಲಿಯೂ ಹೇಳಬೇಡಿ.

ಹೆಸರು ಇರುತ್ತದೆಂದು ಅಮ್ಮನಿಗೆ ಆಗಲೇ ಹೇಳಿಬಿಟ್ಟಿದ್ದೇನೆ. ಅವರಿಗೀಗ ಎಂಬತ್ತನಾಲ್ಕು ವರ್ಷ. ಚಿತ್ರದ ಎದುರಿಗೇ ಅವರಿಗೊಂದು ಕುರ್ಚಿ ಹಾಕಿಸಿ. ಓದುವ ಕನ್ನಡಕ ತರುತ್ತಾರೆ.

ಇಂತಿ,
ಫ್ರಾನ್ಸಿನಾಳ ಮರಿಮಗಳು
ಮುರಿಯಲ್ ಬ್ಲೈಡ್